ಟ್ರಿನಿಡಾಡ್‌ನಲ್ಲಿ ಅರ್ಧ ದಿನ: ಹಿರಿಯರ ಜೊತೆ ಆತುರವಿಲ್ಲದೆ ಏನು ನೋಡಬಹುದು?

ಪ್ರಶ್ನೆ: ನನ್ನ ತಂಗಿಯ ಗಂಡ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನ ಪಾಯಿಂಟ್ ಲೀಸಾಸ್‌ನಲ್ಲಿ ಕಾರ್ಖಾನೆಯೊಂದರ ಎಂಜಿನಿಯರ್. ಅವರ ಮನೆ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿದೆ. ಬರುವ ಫೆಬ್ರವರಿಯಲ್ಲಿ ಅಪ್ಪ, ಅಮ್ಮ ಮತ್ತು ಹತ್ತು ವರ್ಷದ ಮಗನನ್ನು ಕರೆದುಕೊಂಡು ಹಾಸನದಿಂದ ಅಲ್ಲಿಗೆ ಹೊರಟಿದ್ದೇವೆ. ಅಪ್ಪನಿಗೆ 76 ವರ್ಷ, ಮಂಡಿನೋವಿದೆ. ಅಮ್ಮನಿಗೆ 70, ಸಕ್ಕರೆ ಕಾಯಿಲೆ. ಎಲ್ಲರೂ ಸಸ್ಯಾಹಾರಿಗಳು. ತಂಗಿಗೂ ಅವಳ ಗಂಡನಿಗೂ ರಜೆ ಸಿಗದ ಒಂದು ದಿನ, ಗೈಡ್ ಗೊತ್ತುಮಾಡಿಕೊಂಡು ನಾವೇ ಅರ್ಧ ದಿನ ಸುತ್ತಿ ಬರೋಣ ಅಂದುಕೊಂಡಿದ್ದೇವೆ. ಅಪ್ಪನಿಗೆ ದೇವಸ್ಥಾನ ನೋಡುವಾಸೆ, ಮಗನಿಗೆ ಪ್ರಾಣಿ ಪಕ್ಷಿ ಹುಚ್ಚು, ಅಮ್ಮನಿಗೆ ಸುಸ್ತಾಗಬಾರದು. ಎಲ್ಲರೂ ಮರಾಕಾಸ್ ಬೀಚ್‌ಗೆ ಹೋಗಿ ಎನ್ನುತ್ತಾರೆ. ನೀವೇನು ಹೇಳುತ್ತೀರಿ?

ಉತ್ತರ: ಮರಾಕಾಸ್ ಬೇಡ. ಕಡಲತೀರ ಚೆನ್ನಾಗಿದೆ, ಆದರೆ ಅಲ್ಲಿಗೆ ಹೋಗುವುದು ಉತ್ತರದ ಬೆಟ್ಟಸಾಲು ಹತ್ತಿಳಿಯುವ ತಿರುವುಮುರುವಿನ ರಸ್ತೆಯಲ್ಲಿ. ಹೋದ ಮೇಲೆ ನೀರಿಗಿಳಿಯದವರಿಗೆ ಮರಳಿನ ಮೇಲೆ ಕೂರುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಅಲ್ಲಿನ ಹೆಸರಾದ ತಿಂಡಿಯೂ ಶಾರ್ಕ್ ಮೀನಿನದು. ಯಾರಾದರೂ ಲಾ ಬ್ರೇ ಊರಿನ ಪಿಚ್ ಲೇಕ್ ಹೆಸರು ಹೇಳಿದರೆ ಅದನ್ನೂ ಈ ಸಲ ಬಿಡಿ. ಜಗತ್ತಿನ ಅತಿ ದೊಡ್ಡ ನೈಸರ್ಗಿಕ ಡಾಂಬರಿನ ನಿಕ್ಷೇಪ ಅದು, ನೋಡಲೇಬೇಕಾದದ್ದು. ಆದರೆ ದ್ವೀಪದ ನೈಋತ್ಯದಲ್ಲಿದೆ, ಅರ್ಧ ದಿನಕ್ಕೆ ದೂರವಾಯಿತು. ಬಿಸಿಲಲ್ಲಿ ಆ ಕಪ್ಪು ನೆಲದ ಮೇಲೆ ನಡೆದಾಡುವುದು ನಿಮ್ಮ ತಂದೆಯವರ ಮಂಡಿಗೆ ಆಗಿಬರುವುದಿಲ್ಲ.

ನನ್ನ ಸಲಹೆ ಇಷ್ಟು: ಬೆಳಗಿನ ಹೊತ್ತು ಬಿಟ್ಟು ಮಧ್ಯಾಹ್ನ ಹೊರಡಿ. ಎರಡೇ ಜಾಗ ಇಟ್ಟುಕೊಳ್ಳಿ. ಒಂದು, ವಾಟರ್‌ಲೂ ಹಳ್ಳಿಯಲ್ಲಿ ಸಮುದ್ರದೊಳಗೆ ಕಟ್ಟಿದ ಮಂದಿರ. ಇನ್ನೊಂದು, ಸಂಜೆ ಕೆಂಪು ಹಕ್ಕಿಗಳು ಬಂದಿಳಿಯುವ ಕರೋನಿ ಜೌಗು. ವಾಟರ್‌ಲೂಗೆ ಹೋಗುವ ಹಾದಿಯಲ್ಲೇ ಸಿಗುವ ಕಾರಪಿಚೈಮಾದ ಹನುಮಂತನ ಮುಂದೆ ಅರ್ಧ ಗಂಟೆ ನಿಲ್ಲಬಹುದು. ಮನೆಯಲ್ಲಿ ಊಟ ಮುಗಿಸಿ 12.30ಕ್ಕೆ ಹೊರಟರೆ ಏಳರೊಳಗೆ ವಾಪಸ್ ಬರುತ್ತೀರಿ. ಗೈಡ್‌ಗಳು ಇದೇ ಹೊತ್ತಿಗೆ ಇನ್ನೂ ನಾಲ್ಕು ಜಾಗ ತುರುಕಿ ಪಟ್ಟಿ ಕಳಿಸುತ್ತಾರೆ. ದಯವಿಟ್ಟು ಒಪ್ಪಬೇಡಿ. ಕಾರಿನಿಂದ ಇಳಿದು ಹತ್ತುವುದೇ ಹಿರಿಯರನ್ನು ಸುಸ್ತು ಮಾಡುವುದು. ಇಳಿದ ಜಾಗದಲ್ಲಿ ನೆಮ್ಮದಿಯಾಗಿ ಕೂರುವುದಕ್ಕೆ ಸಮಯವಿರಬೇಕು.

ಮಧ್ಯಾಹ್ನವೇ ಏಕೆ ಎಂದರೆ, ಮೊದಲ ಕಾರಣ ಟ್ರಾಫಿಕ್. ಬೆಳಗ್ಗೆ ಇಡೀ ದ್ವೀಪ ಕೆಲಸಕ್ಕೆಂದು ಪೋರ್ಟ್ ಆಫ್ ಸ್ಪೇನ್ ಒಳಗೆ ನುಗ್ಗುತ್ತದೆ, ಮೂರು ಗಂಟೆಯ ಮೇಲೆ ಅಷ್ಟೂ ಜನ ಹೊರಗೆ ಹರಿಯುತ್ತಾರೆ. ನೀವು 12.30ಕ್ಕೆ ದಕ್ಷಿಣಕ್ಕೆ ಹೊರಟರೆ ಆ ನೂಕುನುಗ್ಗಲಿಗೆ ಮೊದಲೇ ದಾಟಿರುತ್ತೀರಿ. ವಾಟರ್‌ಲೂ ಮುಗಿಸಿ ಉತ್ತರಕ್ಕೆ ತಿರುಗುವಾಗ ಗಾಡಿಗಳ ಸಾಲು ಎದುರು ದಿಕ್ಕಿನದಾಗಿರುತ್ತದೆ. ಜೌಗಿನಿಂದ ಮನೆಗೆ ಬರುವಾಗಲೂ ಹಾಗೆಯೇ. ಇದೇ ಸುತ್ತನ್ನು ತಿರುಗುಮುರುಗು ಮಾಡಿದರೆ ಕಾರಿನಲ್ಲೇ ಅರ್ಧ ಆಯಸ್ಸು ಕಳೆಯುತ್ತದೆ. ಎರಡನೆಯ ಕಾರಣ ಹಕ್ಕಿಗಳು. ಅವು ಗೂಡಿಗೆ ಮರಳುವುದು ಸಂಜೆ ಮಾತ್ರ, ಅದನ್ನು ಯಾವ ಗೈಡೂ ಬದಲಿಸಲಾರ. ಹಾಗಾಗಿ ದಿನದ ಕೊನೆಯನ್ನು ಕರೋನಿಗೆ ಕೊಟ್ಟು, ಉಳಿದದ್ದನ್ನು ಅದಕ್ಕೆ ತಕ್ಕಂತೆ ಹಿಂದಕ್ಕೆ ಜೋಡಿಸಿಕೊಂಡು ಬನ್ನಿ.

ಹೊರಡುವಾಗ ಒಂದು ಸಣ್ಣ ಸುತ್ತು ಹಾಕಿಸಬಹುದು. ನಗರದೊಳಗಿನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದ ಮುಂದೆ ಹಾದುಹೋಗಲು ಹೇಳಿ. 1976ರ ಏಪ್ರಿಲ್‌ನಲ್ಲಿ ಭಾರತ ನಾಲ್ಕನೇ ಇನ್ನಿಂಗ್ಸ್‌ನಲ್ಲಿ 4 ವಿಕೆಟ್‌ಗೆ 406 ರನ್ ಹೊಡೆದು ವೆಸ್ಟ್ ಇಂಡೀಸನ್ನು ಸೋಲಿಸಿದ್ದು ಇಲ್ಲೇ. ಆ ಇನ್ನಿಂಗ್ಸ್‌ನಲ್ಲಿ ನಮ್ಮ ಜಿ.ಆರ್. ವಿಶ್ವನಾಥ್ 112 ಹೊಡೆದರು, ಬ್ರಿಜೇಶ್ ಪಟೇಲ್ 49 ಮಾಡಿ ಔಟಾಗದೆ ಉಳಿದರು. ಅದೇ ಪಂದ್ಯದ ಮೊದಲ ಇನ್ನಿಂಗ್ಸ್‌ನಲ್ಲಿ ಚಂದ್ರಶೇಖರ್ ಆರು ವಿಕೆಟ್ ಕಿತ್ತಿದ್ದರು. ನಿಮ್ಮ ತಂದೆಯವರಿಗೆ ಆಗ ಇಪ್ಪತ್ತೈದು ದಾಟಿರಬೇಕು, ರೇಡಿಯೊಗೆ ಕಿವಿ ಹಚ್ಚಿದ್ದರೆ ನೆನಪಿದ್ದೇ ಇರುತ್ತದೆ. ಕಾರಿನಿಂದ ಇಳಿಯುವ ಅಗತ್ಯವಿಲ್ಲ, ಗೇಟಿನ ಮುಂದೆ ಎರಡು ನಿಮಿಷ ನಿಂತರೆ ಸಾಕು.

ಅಲ್ಲಿಂದ ದಕ್ಷಿಣಕ್ಕೆ ಹೆದ್ದಾರಿ. ಚಗ್ವಾನಸ್ ದಾಟಿದ ಮೇಲೆ ಮನೆಯಂಗಳಗಳಲ್ಲಿ ಬಿದಿರಿನ ಕೋಲಿಗೆ ಕಟ್ಟಿದ ಕೆಂಪು, ಹಳದಿ, ಬಿಳಿ ಬಾವುಟಗಳು ಕಾಣತೊಡಗುತ್ತವೆ. ಇವಕ್ಕೆ ಜಂಡಿ ಎನ್ನುತ್ತಾರೆ. ಮನೆಯಲ್ಲಿ ಪೂಜೆ ನಡೆದಾಗ ನೆಡುತ್ತಾರೆ, ಆಮೇಲೆ ತಾವಾಗಿ ಬಿಸಿಲಿಗೆ ಬಣ್ಣಗೆಡುವವರೆಗೆ ಹಾಗೇ ಇರುತ್ತವೆ. ಈ ಬಯಲೆಲ್ಲ ಒಂದು ಕಾಲಕ್ಕೆ ಕಬ್ಬು. ಬ್ರಿಟಿಷರು ಗುಲಾಮಗಿರಿ ರದ್ದು ಮಾಡಿದ ಮೇಲೆ ತೋಟಗಳಿಗೆ ಆಳು ಸಾಲದೆ ಭಾರತದಿಂದ ಕರಾರಿನ ಕೂಲಿಗಳನ್ನು ತರಿಸತೊಡಗಿದರು. ಮೊದಲ ಹಡಗು ಫತೇಲ್ ರಝಾಕ್ 1845ರ ಮೇ 30ರಂದು ಇಲ್ಲಿಗೆ ಬಂತು, ಆ ದಿನ ಈಗ ರಾಷ್ಟ್ರೀಯ ರಜೆ. 1917ರವರೆಗೆ 1.4 ಲಕ್ಷಕ್ಕೂ ಹೆಚ್ಚು ಜನ ಹೀಗೆ ಬಂದರು. ಹೆಚ್ಚಿನವರು ಕಲ್ಕತ್ತದಲ್ಲಿ ಹಡಗು ಹತ್ತಿದ ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು, ಸ್ವಲ್ಪ ಮಂದಿ ಮದರಾಸಿನಿಂದ ಹೊರಟವರು. ಸರಕಾರಿ ಸಕ್ಕರೆ ಕಂಪನಿ 2003ರಲ್ಲಿ ಬಾಗಿಲು ಹಾಕಿದ ಮೇಲೆ ಕಬ್ಬು ಹೋಯಿತು. ಊರ ಹೆಸರು, ಮಂದಿರ, ಜಂಡಿ ಉಳಿದಿವೆ. ಇಷ್ಟನ್ನು ಮಗನಿಗೆ ಮೊದಲೇ ಹೇಳಿಟ್ಟರೆ ವಾಟರ್‌ಲೂನಲ್ಲಿ ನಿಂತಾಗ ಅವನಿಗೆ ತಾನು ನೋಡುತ್ತಿರುವುದು ಏನೆಂದು ತಿಳಿಯುತ್ತದೆ.

ಕಾರಪಿಚೈಮಾದಲ್ಲಿ ಬಯಲ ನಡುವೆ ದೂರದಿಂದಲೇ ಹನುಮಂತ ಕಾಣುತ್ತಾನೆ. 85 ಅಡಿ ಎತ್ತರದ ವಿಗ್ರಹ, 2003ರಲ್ಲಿ ಪ್ರತಿಷ್ಠೆಯಾಯಿತು. ಪಕ್ಕದಲ್ಲಿರುವುದು ದತ್ತಾತ್ರೇಯ ಮಂದಿರ. ಇದನ್ನು ಕಟ್ಟಿಸಿದವರು ಮೈಸೂರಿನ ಅವಧೂತ ದತ್ತಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿ. ಈ ದ್ವೀಪದ ಬೇರೆ ಮಂದಿರಗಳೆಲ್ಲ ಹೆಚ್ಚಾಗಿ ಉತ್ತರ ಭಾರತದ ರೀತಿಯವು. ಇದು ಮಾತ್ರ ನಮ್ಮ ಕಡೆಯ ಶೈಲಿಯದು, ಹಾಗಾಗಿ ನಿಮ್ಮ ತಂದೆತಾಯಿಗೆ ಒಳಗೆ ಕಾಲಿಡುತ್ತಿದ್ದಂತೆ ಪರಿಚಯದ ಜಾಗ ಅನ್ನಿಸುತ್ತದೆ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕಿರುವ ಸಾಧ್ಯತೆಯಿದೆ. ದರ್ಶನವೇ ಮುಖ್ಯವಾದರೆ ಗೈಡ್‌ನಿಂದ ಹಿಂದಿನ ದಿನವೇ ಫೋನ್ ಮಾಡಿಸಿ ಕೇಳಿಕೊಳ್ಳಿ. ಬಾಗಿಲು ಹಾಕಿದ್ದರೂ ಹೊರಗೆ ನಿಂತ ಹನುಮಂತನಿಗೆ ಕೈಮುಗಿಯಲು ಅಡ್ಡಿಯಿಲ್ಲ. ಬರಿಗಾಲಲ್ಲಿ ಬಿಸಿಲಿನ ನೆಲದ ಮೇಲೆ ಓಡಾಡಬೇಕಾಗುತ್ತದೆ, ಆದ್ದರಿಂದ ಒಂದೊಂದು ಜೊತೆ ಹಳೆಯ ಕಾಲುಚೀಲ ಇಟ್ಟುಕೊಳ್ಳಿ. ನಿಮ್ಮ ತಾಯಿಯವರಿಗೆ ಇದು ಕಡ್ಡಾಯ ಎಂದೇ ತಿಳಿಯಿರಿ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಮಂದವಾಗಿದ್ದರೆ ಅಂಗಾಲು ಸುಟ್ಟದ್ದೇ ತಿಳಿಯುವುದಿಲ್ಲ.

ಅಲ್ಲಿಂದ ವಾಟರ್‌ಲೂ ಹತ್ತಿರ. ಇಲ್ಲಿ ಮಾತ್ರ ಗಡಿಯಾರ ನೋಡಬೇಡಿ. ಪಾರಿಯಾ ಕೊಲ್ಲಿಯ ದಡದಿಂದ ನೀರಿನೊಳಕ್ಕೆ ಒಂದು ಸಮತಟ್ಟಾದ ಕಾಲುದಾರಿ, ಅದರ ತುದಿಗೆ ಬಿಳಿಯ ಪುಟ್ಟ ಮಂದಿರ. ಚಿತ್ರದಲ್ಲಿ ಇಷ್ಟೇ ಕಾಣುತ್ತದೆ. ಅದರ ಹಿಂದಿರುವ ಮನುಷ್ಯನ ಕಥೆ ಗೊತ್ತಿಲ್ಲದೆ ಹೋದವರು ಹತ್ತು ನಿಮಿಷದಲ್ಲಿ ಫೋಟೊ ತೆಗೆದು ಹೊರಡುತ್ತಾರೆ. ನನಗೆ ಬಹಳ ಬೇಸರವಾಗುವುದು ಇದಕ್ಕೆ.

ಆತನ ಹೆಸರು ಸೇವದಾಸ್ ಸಾಧು. 1907ರಲ್ಲಿ ತಂದೆತಾಯಿಯ ಜೊತೆ ಚಿಕ್ಕ ಮಗುವಾಗಿ ಇಲ್ಲಿಗೆ ಬಂದವರು, ಕಬ್ಬಿನ ತೋಟದ ಕೂಲಿ. 1947ರಲ್ಲಿ ಇದೇ ತೀರದಲ್ಲಿ ಒಂದು ಗುಡಿ ಕಟ್ಟಿದರು. ಆ ನೆಲ ಸಕ್ಕರೆ ಕಂಪನಿಯದು. ಕೆಡವಲು ಕಂಪನಿ ಹೇಳಿತು, ಸಾಧು ಒಪ್ಪಲಿಲ್ಲ. ಪ್ರಕರಣ ನ್ಯಾಯಾಲಯಕ್ಕೆ ಹೋಗಿ ಅವರಿಗೆ ದಂಡವೂ 14 ದಿನದ ಜೈಲೂ ಆಯಿತು, 1952ರಲ್ಲಿ ಗುಡಿಯನ್ನು ನೆಲಸಮ ಮಾಡಿದರು. ನೆಲದ ಮೇಲೆ ಕಟ್ಟಬಾರದು ಎಂದರೆ ಸಮುದ್ರದಲ್ಲಿ ಕಟ್ಟುತ್ತೇನೆ, ಸಮುದ್ರ ಯಾರ ಆಸ್ತಿಯೂ ಅಲ್ಲವಲ್ಲ ಎಂದು ಸಾಧು ತೀರ್ಮಾನಿಸಿದರು. ಕೂಲಿ ಮುಗಿಸಿ ಬಂದು ಸೈಕಲ್ ಮೇಲೆ ಕಲ್ಲು, ಮರಳು, ಸಿಮೆಂಟ್ ಹೊತ್ತು ತಂದು, ನೀರಿಳಿದಾಗ ಕೆಸರಿನಲ್ಲಿ ನಡೆದುಹೋಗಿ, ಒಂದೊಂದೇ ಬಕೆಟ್ ಸುರಿಯುತ್ತ ದಾರಿಯನ್ನೂ ಗುಡಿಯನ್ನೂ ಎಬ್ಬಿಸಿದರು. ನೆರವಿಗೆ ಜನ ಇರಲಿಲ್ಲ. ನಕ್ಕವರಿದ್ದರು. ವರ್ಷಗಟ್ಟಲೆ ಹೀಗೆ ನಡೆಯಿತು. ಮುಂದೆ ಭಾರತಕ್ಕೆ ಹೋದಾಗ ಅಲ್ಲೇ ತೀರಿಕೊಂಡರು. ಅಲೆ ಹೊಡೆತಕ್ಕೆ ಗುಡಿ ಶಿಥಿಲವಾಯಿತು. ಭಾರತೀಯರು ಬಂದಿಳಿದು 150 ವರ್ಷ ತುಂಬಿದ 1995ರಲ್ಲಿ ಸರಕಾರವೇ ಮುಂದೆ ನಿಂತು ಅದೇ ಜಾಗದಲ್ಲಿ ಈಗಿನ ಎಂಟು ಮೂಲೆಯ ಮಂದಿರವನ್ನು ಕಟ್ಟಿಸಿತು. ದಡದಲ್ಲಿ ಸಾಧು ಅವರ ಪ್ರತಿಮೆಯಿದೆ. ಒಂದು ಕಾಲಕ್ಕೆ ಗುಡಿ ಕಟ್ಟಿದ್ದಕ್ಕೆ ಜೈಲಿಗಟ್ಟಿದ ಆಡಳಿತ ಇದ್ದ ನೆಲದಲ್ಲಿ ಸರಕಾರವೇ ಆ ಗುಡಿಯನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ದೊಡ್ಡ ವಿಷಯ. ಗೈಡ್ ಇದನ್ನು ಎರಡು ವಾಕ್ಯದಲ್ಲಿ ಮುಗಿಸಿದರೆ ನೀವೇ ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ.

ನೀರಿನ ಏರಿಳಿತ ನೋಡಿಕೊಂಡು ಹೋದರೆ ಇನ್ನೂ ಒಳ್ಳೆಯದು. ಭರತದ ಹೊತ್ತಿಗೆ ಮಂದಿರದ ಸುತ್ತ ನೀರು ತುಂಬಿ ನಿಂತಿರುತ್ತದೆ. ಇಳಿತದ ಹೊತ್ತಿಗೆ ಕೆಸರಿನ ಬಯಲು ತೆರೆದುಕೊಂಡು ಕಡಲಹಕ್ಕಿಗಳೂ ಉದ್ದಕಾಲಿನ ಹಕ್ಕಿಗಳೂ ಮೇಯಲು ಬರುತ್ತವೆ. ಹಕ್ಕಿ ನೋಡುವವರು ವಾಟರ್‌ಲೂಗೆ ಬರುವುದೇ ಇಳಿತಕ್ಕೆ. ನಿಮಗೆ ಎರಡರಲ್ಲಿ ಯಾವುದು ಸಿಕ್ಕರೂ ನಷ್ಟವಿಲ್ಲ, ಆದರೆ ನೀರಿನ ನಡುವಿನ ಮಂದಿರದ ಚಿತ್ರವೇ ಬೇಕೆಂದು ಮನಸ್ಸಿದ್ದರೆ ಆ ದಿನದ ಭರತ ಇಳಿತದ ವೇಳಾಪಟ್ಟಿ ಕೇಳಿ ದಿನ ಆರಿಸಿ. ದಿನಕ್ಕೆ ಎರಡು ಭರತ, ಪ್ರತಿ ದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತವೆ.

ಮಂದಿರದ ಪಕ್ಕದ ತೀರದಲ್ಲೇ ಚಿತೆ ಸುಡುವ ಜಾಗವಿದೆ. ಹಿಂದೂಗಳು ಇಲ್ಲಿ ಬಯಲಿನಲ್ಲಿ ದಹನ ಮಾಡಿ ಅಲ್ಲೇ ಕೊಲ್ಲಿಯಲ್ಲಿ ಅಸ್ಥಿ ಬಿಡುತ್ತಾರೆ. ನೀವು ಹೋದಾಗ ಸಂಸ್ಕಾರ ನಡೆಯುತ್ತಿದ್ದರೆ ಆ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ, ಮಗನಿಗೂ ಮೊದಲೇ ತಿಳಿಸಿಡಿ. ನಿಮ್ಮ ತಾಯಿಯವರಿಗೆ ಅದು ಕಸಿವಿಸಿ ಅನ್ನಿಸುವುದಾದರೆ, ಸಂಸ್ಕಾರ ಇದೆಯೇ ಎಂದು ಗೈಡ್ ಮೊದಲು ಹೋಗಿ ನೋಡಿ ಬರಲಿ. ಹತ್ತಿರದಲ್ಲೇ ಭಾರತೀಯ ಕೆರಿಬಿಯನ್ ವಸ್ತುಸಂಗ್ರಹಾಲಯವೂ ಇದೆ. ಕೂಲಿಗಳು ತಂದ, ಬಳಸಿದ ಪಾತ್ರೆ, ಸಲಕರಣೆ, ವಾದ್ಯ, ಹಳೆಯ ಕಾಗದಪತ್ರಗಳು ಅಲ್ಲಿವೆ. ನಿಜಕ್ಕೂ ಒಳ್ಳೆಯ ಸಂಗ್ರಹ. ಆದರೂ ಕರೋನಿಗೆ ಹೋಗುವ ದಿನ ಇದನ್ನು ಸೇರಿಸಬೇಡಿ. ಮಳೆ ಬಂದು ದೋಣಿ ರದ್ದಾದರೆ ಆಗ ನಿಧಾನವಾಗಿ ನೋಡಿ.

ಮೂರೂ ಕಾಲಿಗೆ ವಾಟರ್‌ಲೂ ಬಿಟ್ಟುಬಿಡಿ. ಕರೋನಿಯ ದೋಣಿಗಳು ಸಾಮಾನ್ಯವಾಗಿ ನಾಲ್ಕಕ್ಕೆ ಹೊರಡುತ್ತವೆ, ತಡವಾಗಿ ಬಂದವರಿಗಾಗಿ ಕಾಯುವುದಿಲ್ಲ. ಹೆದ್ದಾರಿಯಿಂದ ಒಳಕ್ಕೆ ತಿರುಗಿದರೆ ಸಿಗುವ ಸಂದರ್ಶಕರ ಕೇಂದ್ರದಲ್ಲಿ ಎಲ್ಲರೂ ಶೌಚಾಲಯಕ್ಕೆ ಹೋಗಿಬರಲಿ. ಮುಂದಿನ ಎರಡು, ಎರಡೂವರೆ ಗಂಟೆ ದೋಣಿಯಲ್ಲಿ ಆ ಅನುಕೂಲವಿಲ್ಲ. ಇಡೀ ದಿನದಲ್ಲಿ ಮಂಡಿನೋವಿನವರಿಗೆ ಕಷ್ಟ ಎಂದರೆ ಕಟ್ಟೆಯಿಂದ ದೋಣಿಗೆ ಇಳಿಯುವ ಆ ಒಂದು ಹೆಜ್ಜೆ ಮಾತ್ರ. ಕೈ ಹಿಡಿದು ಇಳಿಸುತ್ತಾರೆ. ಬುಕ್ ಮಾಡುವಾಗಲೇ ವಯಸ್ಸನ್ನೂ ನೋವನ್ನೂ ಹೇಳಿದರೆ ನಿಮ್ಮನ್ನು ಮೊದಲು ಹತ್ತಿಸಿ ಒಳ್ಳೆಯ ಜಾಗ ಕೊಡುತ್ತಾರೆ. ಆಮೇಲೆ ಪೂರ್ತಿ ಕೂತೇ ಇರುವುದು. ಸೊಂಟಕ್ಕೆ ಒಂದು ಸಣ್ಣ ದಿಂಬು ಒಯ್ಯಿರಿ.

ಕರೋನಿ ಜೌಗು ಸುಮಾರು 5,600 ಹೆಕ್ಟೇರಿನದು, 2005ರಿಂದ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿದೆ. ತೆರೆದ ಉದ್ದನೆಯ ದೋಣಿ ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ನಡುವಿನ ಕಾಲುವೆಗಳಲ್ಲಿ ನಿಧಾನವಾಗಿ ಹೋಗುತ್ತದೆ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ನಡಿಗೆದಾರಿ ನೋಡಿದ್ದರೆ ಈ ಮರಗಳ ಪರಿಚಯ ನಿಮಗಿದೆ. ಕೆಸರಿಗೆ ಊರಿಕೊಂಡ ಬಾಗಿದ ಬೇರುಗಳು, ತಾಯಿಮರದ ಮೇಲಿದ್ದಾಗಲೇ ಮೊಳೆತು ಜೋತುಬಿದ್ದ ಬೀಜಗಳು ಇಲ್ಲೂ ಹಾಗೆಯೇ. ನೀರಿನಂಚಿನ ಬೇರುಗಳಿಗೆ ಸಿಂಪಿಗಳು ಅಂಟಿಕೊಂಡಿರುತ್ತವೆ, ಏಡಿಗಳು ಹತ್ತಿಳಿಯುತ್ತಿರುತ್ತವೆ. ಗೈಡ್ ದೋಣಿ ನಿಲ್ಲಿಸಿ ಕೊಂಬೆಯತ್ತ ಬೆರಳು ತೋರಿಸಿದರೆ ಅಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ ಮರದ ಹೆಬ್ಬಾವು ಇರಬಹುದು. ಅದು ವಿಷವಿಲ್ಲದ್ದು, ಹಗಲು ಕದಲುವುದೇ ಅಪರೂಪ. ಅದೃಷ್ಟವಿದ್ದರೆ ಇನ್ನೊಂದು ಕವಲಿನಲ್ಲಿ ಚಿನ್ನದ ಬಣ್ಣದ ರೋಮದ ಉಂಡೆಯೊಂದು ಕಾಣುತ್ತದೆ. ಅದು ಇರುವೆ ತಿನ್ನುವ ಪುಟ್ಟ ಪ್ರಾಣಿ, ರಾತ್ರಿ ಓಡಾಡಿ ಹಗಲು ಹಾಗೆ ಮುದುಡಿ ನಿದ್ದೆ ಮಾಡುತ್ತದೆ. ನಿಮ್ಮ ಮಗನಿಗೆ ನೀರಿನ ಮೇಲ್ಮೈಯನ್ನೂ ನೋಡಲು ಹೇಳಿ. ನಾಲ್ಕು ಕಣ್ಣಿನ ಮೀನು ಎಂದು ಕರೆಯುವ ಅನಾಬ್ಲೆಪ್ಸ್ ಇಲ್ಲಿದೆ. ಅದಕ್ಕಿರುವುದು ಎರಡೇ ಕಣ್ಣು, ಆದರೆ ಒಂದೊಂದೂ ಅಡ್ಡಲಾಗಿ ಎರಡು ಪಾಲಾಗಿದೆ. ಮೇಲಿನ ಪಾಲು ಗಾಳಿಯಲ್ಲಿರುವುದನ್ನು ನೋಡಿದರೆ ಕೆಳಗಿನದು ನೀರೊಳಗನ್ನು ನೋಡುತ್ತದೆ.

ಐದು ದಾಟಿದ ಮೇಲೆ ದೋಣಿ ಒಂದು ಅಗಲವಾದ ಹಿನ್ನೀರಿಗೆ ಬಂದು ನಿಲ್ಲುತ್ತದೆ, ಎಂಜಿನ್ ಆರಿಸುತ್ತಾರೆ. ಎದುರಿಗೆ ಕಾಂಡ್ಲಾ ತುಂಬಿದ ದ್ವೀಪ. ಸ್ಕಾರ್ಲೆಟ್ ಐಬಿಸ್‌ಗಳು ಅಲ್ಲಿಗೆ ಮೊದಲು ಎರಡು ಮೂರು, ಆಮೇಲೆ ಹತ್ತಿಪ್ಪತ್ತರ ಸಾಲು, ಆಮೇಲೆ ಒಂದರ ಹಿಂದೊಂದು ಗುಂಪಾಗಿ ಬಂದಿಳಿಯುತ್ತವೆ. ರಂಗನತಿಟ್ಟಿನಲ್ಲಿ ನಾವು ನೋಡುವ ಕೆಂಬರಲುಗಳ ಬಳಗದ್ದೇ ಈ ಹಕ್ಕಿ, ಅದೇ ಕೆಳಕ್ಕೆ ಬಾಗಿದ ಕೊಕ್ಕು. ಆದರೆ ಮೈಯೆಲ್ಲ ದಾಸವಾಳದ ಕೆಂಪು, ರೆಕ್ಕೆಯ ತುದಿ ಮಾತ್ರ ಕಪ್ಪು. ಬಿಳಿಯ ಬೆಳ್ಳಕ್ಕಿಗಳೂ ಅದೇ ಮರಗಳಿಗೆ ಮಲಗಲು ಬರುತ್ತವೆ, ಹಸಿರಿನ ಮೇಲೆ ಕೆಂಪು ಬಿಳಿ ಸೇರಿ ದ್ವೀಪ ಹೂ ಬಿಟ್ಟಂತಾಗುತ್ತದೆ. ಕೆಂಪು ಹುಟ್ಟಿನಿಂದ ಬಂದದ್ದಲ್ಲ. ಮರಿಗಳು ಬೂದು ಕಂದು. ಏಡಿ ಸೀಗಡಿಗಳಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ವರ್ಣಕ ಮೈಗೆ ಸೇರುತ್ತ ಬಂದಂತೆ ಗರಿ ಕೆಂಪಾಗುತ್ತದೆ. ಸಾಕಿದ ಹಕ್ಕಿಗೆ ಆ ಆಹಾರ ತಪ್ಪಿದರೆ ಬಣ್ಣ ಮಾಸುತ್ತದೆ. ಗುಂಪಿನಲ್ಲಿ ಅಲ್ಲಲ್ಲಿ ಮಾಸಲು ಹಕ್ಕಿ ಕಂಡರೆ ಅದು ಇನ್ನೂ ಎಳೆಯದು.

ಇದು ಟ್ರಿನಿಡಾಡ್‌ನ ರಾಷ್ಟ್ರೀಯ ಪಕ್ಷಿ. ಹಾಗಿದ್ದೂ ಮಾಂಸಕ್ಕಾಗಿ ಕದ್ದು ಬೇಟೆಯಾಡುತ್ತಿದ್ದರು, ದಂಡ ಬರೀ 1,000 ಟ್ರಿನಿಡಾಡ್ ಡಾಲರ್ ಇತ್ತು. 2018ರಲ್ಲಿ ವಿಶೇಷ ರಕ್ಷಣೆಯ ಪ್ರಾಣಿಯೆಂದು ಘೋಷಿಸಿ ದಂಡವನ್ನು 1,00,000 ಡಾಲರ್‌ಗೆ ಏರಿಸಿದರು, ಎರಡು ವರ್ಷದವರೆಗೆ ಜೈಲೂ ಆಗಬಹುದು. ದೋಣಿಗಳು ಹಕ್ಕಿಗಳಿಂದ ದೂರ ನಿಲ್ಲುವುದೂ ಅವುಗಳ ಒಳ್ಳೆಯದಕ್ಕೇ. ಸಿಟ್ಟಾಗಿ ಹತ್ತಿರ ಒಯ್ಯಲು ಗೈಡ್‌ಗೆ ಒತ್ತಾಯ ಮಾಡುವವರನ್ನು ಕಂಡರೆ ನನಗೆ ನೋವಾಗುತ್ತದೆ. ದೂರ ಇರುವುದರಿಂದ ಮೊಬೈಲ್ ಕ್ಯಾಮೆರಾದಲ್ಲಿ ಕೆಂಪು ಚುಕ್ಕೆ ಮಾತ್ರ ಬರುತ್ತದೆ. ಒಂದು ದುರ್ಬೀನು ಹೇಗಾದರೂ ಹೊಂದಿಸಿಕೊಳ್ಳಿ, ನಾಲ್ವರೂ ಸರದಿಯಲ್ಲಿ ನೋಡಬಹುದು. ಫೆಬ್ರವರಿಯಲ್ಲಿ ಸೂರ್ಯ ಮುಳುಗುವುದು 6.15ರ ಆಸುಪಾಸು. ಕತ್ತಲಾಗುವ ಮುನ್ನ ದೋಣಿ ತಿರುಗುತ್ತದೆ. ಸೊಳ್ಳೆ ಏಳುವುದು ಆ ಹೊತ್ತಿಗೆ. ತುಂಬುತೋಳಿನ ಬಟ್ಟೆ, ಹಚ್ಚಿಕೊಳ್ಳುವ ಸೊಳ್ಳೆ ಔಷಧ ಇರಲಿ.

ನಿಮ್ಮ ತಾಯಿಯವರ ಊಟದ ಲೆಕ್ಕ ಇಲ್ಲಿ ಮುಖ್ಯವಾಗುತ್ತದೆ. ಹನ್ನೆರಡೂವರೆಯೊಳಗೆ ಊಟ, ಆಮೇಲೆ ಏಳರವರೆಗೆ ಏನೂ ಇಲ್ಲವೆಂದರೆ ಸಕ್ಕರೆ ಇಳಿದುಬಿಡಬಹುದು. ವಾಟರ್‌ಲೂ ಬಿಡುವ ಮುನ್ನ ಏನಾದರೂ ತಿನ್ನಿಸಿ, ದೋಣಿಗೆ ಬಿಸ್ಕತ್ತು, ನೀರು, ಗ್ಲೂಕೋಸ್ ಒಯ್ಯಿರಿ. ಸಸ್ಯಾಹಾರಕ್ಕೆ ಈ ದ್ವೀಪದಲ್ಲಿ ಪರದಾಡಬೇಕಿಲ್ಲ. ದಾಲ್‌ಪುರಿ ರೊಟ್ಟಿಯೊಳಗೆ ಕಡಲೆ ಆಲೂ, ಕುಂಬಳದ ಪಲ್ಯ, ಅಲಸಂದೆ ಕಾಯಿ, ಭಾಜಿ ಎಂಬ ಸೊಪ್ಪಿನ ಪಲ್ಯ ಸುತ್ತಿ ಕೊಡುತ್ತಾರೆ. ಎರಡು ವಿಷಯ ಕೇಳಿಕೊಳ್ಳಿ: ಕಲ್ಲಾಲೂ ಎಂಬ ಸೊಪ್ಪಿನ ಗೊಜ್ಜಿಗೆ ಏಡಿಯನ್ನೋ ಉಪ್ಪು ಹಚ್ಚಿದ ಮಾಂಸವನ್ನೋ ಹಾಕುವುದು ಮಾಮೂಲು, ಭಾಜಿಗೂ ಕೆಲವರು ಉಪ್ಪುಮೀನು ಸೇರಿಸುತ್ತಾರೆ. ಬೀದಿಯ ಡಬಲ್ಸ್, ಅಂದರೆ ಕರಿದ ಎರಡು ಮೆತ್ತನೆಯ ಬಾರಾ ಮೇಲೆ ಕಡಲೆ ಗೊಜ್ಜು ಹುಣಸೆ ಚಟ್ನಿ, ಬೆಳಗಿನ ತಿಂಡಿ. ಅದನ್ನು ಇನ್ನೊಂದು ದಿನ ಬೆಳಗ್ಗೆ ತಂಗಿಯ ಜೊತೆ ಹೋಗಿ ತಿನ್ನಿ. ಖಾರ ಎಷ್ಟು ಎಂದು ಕೇಳಿದಾಗ ಸ್ವಲ್ಪ ಎಂದೇ ಹೇಳಿ. ನಮ್ಮ ಬ್ಯಾಡಗಿಯ ರೂಢಿಯಲ್ಲಿ ಆ ಮೆಣಸನ್ನು ಅಳೆಯಬೇಡಿ.

ಗೈಡ್ ವಿಷಯಕ್ಕೆ ಬರೋಣ. ದೋಣಿಯಲ್ಲಿ ಅವರದೇ ಗೈಡ್ ಇರುತ್ತಾರೆ. ನಿಮಗೆ ಬೇಕಿರುವುದು ಮನೆಯಿಂದ ಕರೆದೊಯ್ದು ಮನೆಗೇ ಬಿಡುವ, ಊರ ಇತಿಹಾಸ ಬಲ್ಲ ಒಬ್ಬರು ಮತ್ತು ನಿಮ್ಮ ಕುಟುಂಬಕ್ಕೆ ಮಾತ್ರ ಮೀಸಲಾದ ಗಾಡಿ. ಹತ್ತು ಜನರ ಗುಂಪಿನ ವ್ಯಾನ್ ಅಗ್ಗ, ಆದರೆ ನಿಮ್ಮ ತಂದೆಯವರು ನಿಧಾನಕ್ಕೆ ನಡೆಯುವಾಗ ಉಳಿದವರು ಕಾಯುತ್ತಿದ್ದಾರೆಂಬ ಸಂಕೋಚ ಅವರ ಸಂತೋಷವನ್ನೆಲ್ಲ ತಿಂದುಹಾಕುತ್ತದೆ. ಈ ಖರ್ಚಿಗೆ ಹಿಂಜರಿಯಬೇಡಿ. ಬಾಡಿಗೆ ಗಾಡಿಯ ನಂಬರ್ ಪ್ಲೇಟ್ ಹೆಚ್ ಅಕ್ಷರದಿಂದ ಶುರುವಾಗಬೇಕು. ಪಿ ಇದ್ದರೆ ಖಾಸಗಿ ಕಾರು, ಅದರಲ್ಲಿ ಬಾಡಿಗೆಗೆ ಹೋಗುವುದು ಕಾನೂನುಬಾಹಿರ, ವಿಮೆಯೂ ಅನುಮಾನ. ಫೋನಿನಲ್ಲಿ ಕೇಳಬೇಕಾದ್ದು: ದೋಣಿಯ ಟಿಕೆಟ್ ಸೇರಿದೆಯೇ, ನಾವು ದೋಣಿಯಲ್ಲಿರುವಾಗ ನೀವು ಅಲ್ಲೇ ಇರುತ್ತೀರಾ, ಮಳೆ ಬಂದರೆ ದಿನ ಬದಲಿಸುತ್ತೀರಾ. ಎರಡನೆಯ ಪ್ರಶ್ನೆ ಬಿಡಬೇಡಿ. ಕತ್ತಲಾದ ಮೇಲೆ ಗೊತ್ತಿಲ್ಲದ ಊರಲ್ಲಿ ಹಿರಿಯರ ಜೊತೆ ಗಾಡಿ ಹುಡುಕುವ ಸ್ಥಿತಿ ಬರಬಾರದು, ನಗರದಲ್ಲಿ ಅಪರಾಧಗಳ ಭಯವೂ ಇದೆ. ಹಿಂದಿ ನಡೆಯುತ್ತದೆ ಎಂದು ನಿಮ್ಮ ತಂದೆಯವರು ಅಂದುಕೊಂಡಿದ್ದರೆ ಹೇಳಿಬಿಡಿ, ಹೆಸರು ಮುಖ ನಮ್ಮವರಂತೆ ಇದ್ದರೂ ಮಾತು ಇಂಗ್ಲಿಷೇ. ಭೋಜಪುರಿ ಹಾಡಿನಲ್ಲಿ, ಮದುವೆ ಪೂಜೆಯಲ್ಲಿ ಉಳಿದಿದೆ. ಸೀತಾರಾಮ್ ಎಂದು ಕೈಮುಗಿದರೆ ಮಾತ್ರ ಯಾವ ಮಂದಿರದಲ್ಲೂ ನಗುತ್ತ ಉತ್ತರ ಕೊಡುತ್ತಾರೆ.

ಮಗನ ಪೆಟ್ಟಿಗೆಯನ್ನೊಮ್ಮೆ ನೋಡಿ. ಸೈನಿಕರ ಬಟ್ಟೆಯ ಚಿತ್ತಾರವಿರುವ ಟೋಪಿ, ಪ್ಯಾಂಟ್, ಚೀಲ ಏನಿದ್ದರೂ ಊರಲ್ಲೇ ಬಿಡಿ. ಟ್ರಿನಿಡಾಡ್‌ನಲ್ಲಿ ಸಾಮಾನ್ಯ ಜನ ಅದನ್ನು ತೊಡುವಂತಿಲ್ಲ, ಮಕ್ಕಳಿಗೂ ವಿನಾಯಿತಿ ಇಲ್ಲ.

ನೀವು ಕೇಳದ ಒಂದು ವಿಷಯವನ್ನು ಒತ್ತಿ ಹೇಳಬೇಕು. ಹಳದಿ ಜ್ವರವಿರುವ ದೇಶಗಳ ಭಾರತ ಸರಕಾರದ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಅಲ್ಲಿಂದ ಹೊರಟ ಆರು ದಿನದೊಳಗೆ ಭಾರತಕ್ಕೆ ಬಂದಿಳಿಯುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ನಂತರವಷ್ಟೇ ಪ್ರಮಾಣಪತ್ರಕ್ಕೆ ಮಾನ್ಯತೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅನುಮೋದಿತ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಬೆಂಗಳೂರಿನಲ್ಲಿವೆ, ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ನಿಮಗೂ ಮಗನಿಗೂ ಇದು ಸರಳ. ನಿಮ್ಮ ತಂದೆತಾಯಿಯ ವಿಷಯ ಬೇರೆ. 60 ದಾಟಿದವರಲ್ಲಿ, ಮೊದಲ ಸಲ ಹಾಕಿಸಿಕೊಳ್ಳುವಾಗ, ಅಪರೂಪಕ್ಕಾದರೂ ಗಂಭೀರ ಅಡ್ಡಪರಿಣಾಮದ ಅಪಾಯ ಹೆಚ್ಚು. ಇಬ್ಬರನ್ನೂ ನೋಡುವ ವೈದ್ಯರ ಬಳಿ, ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಚೀಟಿ ಸಮೇತ ಹೋಗಿ ಮಾತಾಡಿ. ಬೇಡ ಎಂದರೆ ವೈದ್ಯಕೀಯ ವಿನಾಯಿತಿ ಪತ್ರದ ಬಗ್ಗೆ ವಿಮಾನ ನಿಲ್ದಾಣದ ಆರೋಗ್ಯ ಕಚೇರಿಯಲ್ಲಿ ಕೇಳಿ ತಿಳಿದುಕೊಂಡೇ ಟಿಕೆಟ್ ತೆಗೆಯಿರಿ. ಬರುವ ದಾರಿಯಲ್ಲಿ ಇನ್ನೊಂದು ದೇಶದಲ್ಲಿ ಆರು ದಿನಕ್ಕಿಂತ ಹೆಚ್ಚು ತಂಗುವ ಹಾಗೆ ಪ್ರಯಾಣ ಹೊಂದಿಸಿಕೊಳ್ಳುವುದೂ ಒಂದು ಉಪಾಯ, ಆದರೆ ಆ ದೇಶವೂ ಪಟ್ಟಿಯಲ್ಲಿ ಇರಬಾರದು.

ಫೆಬ್ರವರಿ ಒಳ್ಳೆಯ ಆಯ್ಕೆ. ಜನವರಿಯಿಂದ ಮೇವರೆಗೆ ಒಣ ಹವೆ, ದೋಣಿ ರದ್ದಾಗುವ ಭಯ ಕಡಿಮೆ. ಆದರೆ ಕಾರ್ನಿವಲ್ ಸಾಮಾನ್ಯವಾಗಿ ಫೆಬ್ರವರಿಯಲ್ಲೋ ಮಾರ್ಚ್ ಮೊದಲಲ್ಲೋ ಬೀಳುತ್ತದೆ. ಆ ಸೋಮವಾರ ಮಂಗಳವಾರ ಪೋರ್ಟ್ ಆಫ್ ಸ್ಪೇನ್ ಬೀದಿಗಳು ಮೆರವಣಿಗೆಗೆ ಮುಚ್ಚಿರುತ್ತವೆ, ಹಿಂದಿನ ವಾರಾಂತ್ಯವೂ ಗದ್ದಲವೇ. ತಂಗಿಗೆ ಹೇಳಿ ಆ ವರ್ಷದ ತಾರೀಕು ನೋಡಿಸಿ. ಕಾರ್ನಿವಲ್ ಮುಗಿದ ಮುಂದಿನ ವಾರದಲ್ಲಿ, ಸೋಮವಾರದಿಂದ ಶುಕ್ರವಾರದೊಳಗೆ ಒಂದು ದಿನ ಗೊತ್ತುಮಾಡಿ, ದೋಣಿಗೂ ಗಾಡಿಗೂ ಕನಿಷ್ಠ ಒಂದು ವಾರ ಮೊದಲು ಹೇಳಿಡಿ.